ಹಳೇ ಯೆಜ್ಡಿ ಓಡಿಸುವವರು ಪೆಟ್ರೋಲ್ ಖರ್ಚು ಹೇಗೆ ತೂಗಿಸುತ್ತಿದ್ದೀರಿ?

ರೋಡ್‌ಕಿಂಗ್ ಮೈಸೂರು
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಅಪ್ಪನ ಕಾಲದ ಯೆಜ್ಡಿ ರೋಡ್‌ಕಿಂಗ್ ಬೈಕ್ ಇದೆ. ಭಾನುವಾರ ಬೆಳಿಗ್ಗೆ ಮೇಲುಕೋಟೆ, ತಲಕಾಡು, ಸೋಮನಾಥಪುರ ಅಂತ ಒಂದು ಸುತ್ತು ಹೋಗಿ ಬರುವುದು ನನ್ನ ಹವ್ಯಾಸ. ಈಗ ಲೀಟರಿಗೆ 22 ಕಿ.ಮೀ. ಕೊಡುತ್ತಿದೆ. ಪೆಟ್ರೋಲ್ 102ರ ಮೇಲೆ. ನೂರು ಕಿ.ಮೀ. ಸುತ್ತಿದರೆ 470 ರೂಪಾಯಿ ಹತ್ತಿರ ಪೆಟ್ರೋಲಿಗೇ ಹೋಗುತ್ತದೆ, ಪೆಟ್ರೋಲಿಗೆ ಕಲಸುವ ಟೂಟಿ ಆಯಿಲ್ ಬೇರೆ. ಮನೆಯಲ್ಲಿ "ಮಾರಿಬಿಡಿ" ಅಂತ ಮಾತು ಶುರುವಾಗಿದೆ.

ನಮ್ಮ ಮೆಕ್ಯಾನಿಕ್ ಎರಡು ದಾರಿ ಹೇಳಿದ್ದಾರೆ. ಒಂದು, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್‌ನ ನೀಡಲಿನ ಕ್ಲಿಪ್ ಒಂದು ಗೀರು ಮೇಲಕ್ಕೆ ಹಾಕಿ, ನೀಡಲ್ ಇಳಿಸಿ ಪೆಟ್ರೋಲ್ ಕಮ್ಮಿ ಮಾಡುವುದು. ಎರಡು, ಆಯಿಲ್ ಲೀಟರಿಗೆ 30 ಮಿ.ಲೀ. ಬದಲು 20ಕ್ಕೆ ಇಳಿಸುವುದು. ಮಾಡಿಸಬಹುದಾ? ನೀವೆಲ್ಲ ಏನು ಮಾಡುತ್ತಿದ್ದೀರಿ?

ಕೆಂಪು ಮೊನಾರ್ಕ್
ಮಾರಬೇಡಿ. ಒಂದು ಸಲ ಕೈಬಿಟ್ಟರೆ ಆಮೇಲೆ ಆ ಸ್ಥಿತಿಯ ಗಾಡಿ ಸಿಗುವುದಿಲ್ಲ.

ಹುಬ್ಬಳ್ಳಿ ಟೂಸ್ಟ್ರೋಕ್
ಸರ್, ಆ ಎರಡೂ ಕೆಲಸ ದಯವಿಟ್ಟು ಮಾಡಿಸಬೇಡಿ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದ ಇದೆ.

ಈಗ ಬಂಕಿನಲ್ಲಿ ಸಿಗುತ್ತಿರುವುದು ಇ20, ಅಂದರೆ ನೂರರಲ್ಲಿ ಇಪ್ಪತ್ತು ಪಾಲು ಎಥನಾಲ್. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಎಥನಾಲಿಗೆ 9 ಕೆ.ಜಿ. ಸಾಕು. ಅಂದರೆ ಅಷ್ಟೇ ಗಾಳಿಗೆ ಇ20 ಜಾಸ್ತಿ ಬಿಡಬೇಕು. ಹೊಸ ಗಾಡಿಗಳಲ್ಲಿ ಸೆನ್ಸರ್ ಇದೆ, ಇಂಜೆಕ್ಷನ್ ಇದೆ, ತಾನೇ ಸರಿ ಮಾಡಿಕೊಳ್ಳುತ್ತದೆ. ನಮ್ಮ ಕಾರ್ಬ್ಯುರೇಟರ್‌ಗೆ ಅದೇನೂ ಗೊತ್ತಿಲ್ಲ. ಅದರ ಹಳೇ ಜೆಟ್ (ಪೆಟ್ರೋಲ್ ಬಿಡುವ ಸಣ್ಣ ತೂತು) ಬಿಟ್ಟಷ್ಟೇ ಬಿಡುತ್ತದೆ. ಹಾಗಾಗಿ ಇ20 ಹಾಕಿದ ದಿನದಿಂದಲೇ ನಿಮ್ಮ ಎಂಜಿನ್ ಸ್ವಲ್ಪ ಲೀನ್ ಆಗಿ, ಅಂದರೆ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ ಆಗಿ ಓಡುತ್ತಿದೆ. ಅದರ ಮೇಲೆ ನೀಡಲ್ ಬೇರೆ ಇಳಿಸಿದರೆ ಇನ್ನೂ ಲೀನ್. ಆಯಿಲ್ ಬೇರೆ ಕಮ್ಮಿ. ಬೇಸಿಗೆಯಲ್ಲಿ ಹೆದ್ದಾರಿಗೆ ಬಿಟ್ಟರೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುವುದಕ್ಕೆ ಇನ್ನೇನೂ ಬೇಡ.

ಆಯಿಲ್‌ನಲ್ಲಿ ಉಳಿಯುವುದಾದರೂ ಎಷ್ಟು? ನೂರು ಕಿ.ಮೀ.ಗೆ ಹದಿನೈದು-ಇಪ್ಪತ್ತು ರೂಪಾಯಿ. ಸೀಜ್ ಆದರೆ ಬೋರ್ ಮಾಡಿಸಬೇಕು, ಓವರ್‌ಸೈಜ್ ಪಿಸ್ಟನ್, ರಿಂಗ್, ಕೂಲಿ. ಸಾವಿರಗಟ್ಟಲೆ.

ಆರ್‌ಎಕ್ಸ್ ಅಕ್ಕ ಶಿವಮೊಗ್ಗ
ಹುಬ್ಬಳ್ಳಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಯಮಾಹಾ ಆರ್‌ಎಕ್ಸ್100ಗೆ ಆಯಿಲ್ ಪಂಪ್ ಇದೆ, ಬೇರೆ ಟ್ಯಾಂಕಿನಿಂದ ತಾನೇ ಎಳೆದುಕೊಳ್ಳುತ್ತದೆ. ಆಕ್ಸಿಲರೇಟರ್ ತಿರುಗಿಸಿದಷ್ಟು ಜಾಸ್ತಿ ಬಿಡುತ್ತದೆ. ಯೆಜ್ಡಿಯಲ್ಲಿ ಆ ಸೌಕರ್ಯ ಇಲ್ಲ, ಪೆಟ್ರೋಲಿಗೆ ಕಲಸಿದ್ದೇ ಎಲ್ಲ. ಅದನ್ನೇ ಕಮ್ಮಿ ಮಾಡಿದರೆ ಹೇಗೆ?

ಒಂದು ಪ್ರಶ್ನೆ. ಸೈಲೆನ್ಸರ್ ಕೊನೆಯ ಸಲ ಬಿಚ್ಚಿ ಶುಚಿ ಮಾಡಿಸಿದ್ದು ಯಾವಾಗ?

ರೋಡ್‌ಕಿಂಗ್ ಮೈಸೂರು
@ಆರ್‌ಎಕ್ಸ್ ಅಕ್ಕ, ಗಾಡಿ ನನ್ನ ಕೈಗೆ ಬಂದ ಮೇಲೆ ಮಾಡಿಸಿಲ್ಲ ಮೇಡಂ. ಅಪ್ಪ ಮಾಡಿಸಿದ್ದರಾ ಗೊತ್ತಿಲ್ಲ.

ಆರ್‌ಎಕ್ಸ್ ಅಕ್ಕ ಶಿವಮೊಗ್ಗ
ಹಾಗಾದರೆ ನಿಮ್ಮ ಮೈಲೇಜು ಅಲ್ಲೇ ಇದೆ.

ಗ್ಯಾರೇಜ್ ರಾಯರು
ನಾನು ನಿವೃತ್ತ ಮೆಕ್ಯಾನಿಕ್. ಜಾವಾ, ಯೆಜ್ಡಿ ಕೆಲಸವನ್ನೇ ಜಾಸ್ತಿ ಮಾಡಿದವನು. ಕ್ರಮವಾಗಿ ಹೇಳುತ್ತೇನೆ, ತಮ್ಮಾ, ಬರೆದುಕೊಳ್ಳಿ.

ಮೊದಲು ಸೈಲೆನ್ಸರ್. ರೋಡ್‌ಕಿಂಗಿಗೆ ಒಂದೇ ಸಿಲಿಂಡರ್ ಆದರೂ ಎರಡು ಸೈಲೆನ್ಸರ್. ಟೂಸ್ಟ್ರೋಕ್ ಎಂಜಿನ್ ಆಯಿಲ್ ಸುಡುತ್ತದೆ, ಆ ಮಸಿಯೆಲ್ಲ ಒಳಗಿನ ಬ್ಯಾಫಲ್‌ನಲ್ಲಿ (ಸದ್ದು ತಗ್ಗಿಸುವ ಕೊಳವೆ) ಹೆಪ್ಪುಗಟ್ಟುತ್ತದೆ. ಹೊಗೆ ಸರಾಗ ಹೊರಗೆ ಹೋಗದಿದ್ದರೆ ಹೊಸ ಮಿಶ್ರಣ ಒಳಗೆ ಸರಿಯಾಗಿ ಬರುವುದಿಲ್ಲ. ಎಳೆತ ಕಮ್ಮಿ ಆಗುತ್ತದೆ. ನಾವು ಅಷ್ಟು ಜಾಸ್ತಿ ಆಕ್ಸಿಲರೇಟರ್ ಕೊಡುತ್ತೇವೆ. ಪೆಟ್ರೋಲ್ ಅಲ್ಲಿ ಹೋಗುತ್ತದೆ. ಬ್ಯಾಫಲ್ ಬಿಚ್ಚಿ ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಹಾಕಿ ತೊಳೆಯಿರಿ. ಹಾಗೇ ಸಿಲಿಂಡರಿನ ಎಕ್ಸಾಸ್ಟ್ ಪೋರ್ಟ್ ಬಾಯಿಯನ್ನೂ ನೋಡಿ. ಅಲ್ಲೂ ಕಾರ್ಬನ್ ಕಟ್ಟಿರುತ್ತದೆ. ಮರದ ಚೂರಿನಿಂದ ಕೆರೆಯಬೇಕು, ಸ್ಕ್ರೂಡ್ರೈವರ್ ಹಾಕಬಾರದು.

ಎರಡನೆಯದು ಪ್ಲಗ್‌ಗೆ ಸಮಯಕ್ಕೆ ಸರಿಯಾಗಿ ಕಿಡಿ ಕೊಡಿಸುವ ಸಿಬಿ ಪಾಯಿಂಟ್. ಗ್ಯಾಪ್ 0.4 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿಯೇ ಇಡಬೇಕು, ಕಣ್ಣಳತೆಯಲ್ಲಿ ಅಲ್ಲ. ಪಾಯಿಂಟ್ ಸುಟ್ಟು ಗುಳಿ ಬಿದ್ದಿದ್ದರೆ ಕಂಡೆನ್ಸರ್ ಹೋಗಿದೆ ಅಂತ ಅನುಮಾನ ಪಡಿ. ಕಿಡಿ ತಡವಾಗಿ ಬಂದರೆ ಎಂಜಿನ್ ಬಿಸಿಯಾಗುತ್ತದೆ, ಪೆಟ್ರೋಲ್ ಕುಡಿಯುತ್ತದೆ.

ಮೂರನೆಯದು ಯಾರೂ ನೋಡದ ಜಾಗ, ಬ್ರೇಕು. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು. ಡ್ರಮ್ಮಿಗೆ ಲೈನಿಂಗ್ ಉಜ್ಜುತ್ತಿದ್ದರೆ ಪ್ರತಿ ಕಿಲೋಮೀಟರ್‌ಗೂ ದಂಡ ಕಟ್ಟುತ್ತಿದ್ದೀರಿ. ಯೆಜ್ಡಿಯ ಚೈನ್ ಪೂರ್ತಿ ಕವರಿನೊಳಗೆ ಇರುವುದರಿಂದ ಅದನ್ನೂ ಬಿಚ್ಚಿ ನೋಡುವವರಿಲ್ಲ. ಒಣಗಿ ಗಟ್ಟಿಯಾಗಿರುತ್ತದೆ.

ಆಮೇಲೆ ಗೇರ್ ಬಾಕ್ಸ್ ಆಯಿಲ್ ಎಂಜಿನ್ನಿಗೆ ನುಗ್ಗದಂತೆ ತಡೆಯುವ ಕ್ರ್ಯಾಂಕ್ ಆಯಿಲ್ ಸೀಲ್. ಸೈಲೆನ್ಸರಿನಲ್ಲಿ ದಟ್ಟ ಬಿಳಿ ಹೊಗೆ ನಿಲ್ಲದೇ ಬರುತ್ತಿದ್ದು, ಗೇರ್ ಬಾಕ್ಸ್ ಆಯಿಲ್ ಇಳಿಯುತ್ತಿದ್ದರೆ ಸೀಲ್ ಹೋಗಿದೆ. ಇದೆಲ್ಲ ಆದ ಮೇಲೆ ಮಾತ್ರ ಕಾರ್ಬ್ಯುರೇಟರಿಗೆ ಕೈ ಹಾಕಿ. ಪ್ಲಗ್ ಬಿಚ್ಚಿ ಬಣ್ಣ ನೋಡಿ. ಕಾಫಿ ಪುಡಿ ಬಣ್ಣ ಇದ್ದರೆ ಮುಟ್ಟಲೇಬೇಡಿ. ಬೆಳ್ಳಗಿದ್ದರೆ ಲೀನ್, ಜೆಟ್ ಒಂದು ನಂಬರ್ ದೊಡ್ಡದು ಹಾಕಬೇಕು.

ಕೆಮಿಸ್ಟ್ರಿ ಮೇಷ್ಟ್ರು
ರಾಯರ ಮಾತಿಗೆ ಒಂದು ಸೇರಿಸುತ್ತೇನೆ. ಕಾಸ್ಟಿಕ್ ಸೋಡಾವನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸಬೇಡಿ, ಅಲ್ಯೂಮಿನಿಯಂ ಭಾಗ ಯಾವುದನ್ನೂ ಅದರಲ್ಲಿ ಮುಳುಗಿಸಬೇಡಿ. ಲೋಹವನ್ನೇ ತಿನ್ನುತ್ತದೆ, ಹೈಡ್ರೋಜನ್ ಬೇರೆ ಹೊರಡುತ್ತದೆ. ನೀರಿಗೆ ಸೋಡಾ ಸ್ವಲ್ಪ ಸ್ವಲ್ಪ ಹಾಕಬೇಕು, ಸೋಡಾ ಮೇಲೆ ನೀರು ಸುರಿಯಬಾರದು. ಕೈಗವಸು, ಕನ್ನಡಕ ಇಲ್ಲದೆ ಹತ್ತಿರ ಹೋಗಬೇಡಿ. ಮಕ್ಕಳಿರುವ ಮನೆಯಲ್ಲಿ ಹಿತ್ತಲಲ್ಲಿ ಬಿಟ್ಟು ಬರುವುದಂತೂ ಬೇಡವೇ ಬೇಡ.

ಕಾರವಾರದವ
ನಾನು ಮಾಜಾಳಿ ದಾಟಿ ಗೋವಾದ ಪೋಳೆಂನಲ್ಲಿ ಹಾಕಿಸುತ್ತೇನೆ. ಲೀಟರಿಗೆ ಐದಾರು ರೂಪಾಯಿ ಕಮ್ಮಿ. ಗಡಿ ಹತ್ತಿರ ಇರುವವರು ಇದನ್ನು ಯೋಚಿಸಬಹುದು.

ಹುಬ್ಬಳ್ಳಿ ಟೂಸ್ಟ್ರೋಕ್
@ಕಾರವಾರದವ, ಕಾರವಾರದಿಂದ ಹೋಗಿ ಬರಲು 30 ಕಿ.ಮೀ. ಆಗುತ್ತದೆ ಅಲ್ವಾ? ಹತ್ತು ಲೀಟರ್ ಹಾಕಿಸಿದರೆ ಉಳಿಯುವುದು 50-60 ರೂಪಾಯಿ. 25 ಮೈಲೇಜಿನ ಗಾಡಿ ಅಷ್ಟು ದೂರಕ್ಕೆ ಒಂದು ಲೀಟರಿಗಿಂತ ಜಾಸ್ತಿ ಸುಡುತ್ತದೆ. ಲೆಕ್ಕ ಕೂಡುವುದಿಲ್ಲ.

ಕಾರವಾರದವ
ಅದಕ್ಕಂತಲೇ ಹೋಗುವುದಿಲ್ಲ ಮಾರಾಯ್ರೆ. ಕೆಲಸಕ್ಕೆ ಕಾಣಕೋಣ ಕಡೆ ಹೋದಾಗ ಹಾಕಿಸಿಕೊಂಡು ಬರುತ್ತೇನೆ. ದಾರಿಯಲ್ಲೇ ಸಿಗುವುದನ್ನು ಬಿಡುವುದು ಯಾಕೆ?

ತಲಪಾಡಿ ಟೋಲ್
ಇಲ್ಲಿ ಉಲ್ಟಾ. ಕಾಸರಗೋಡು ಕಡೆಯವರು ನಮ್ಮ ಕಡೆ ಬಂದು ಹಾಕಿಸುತ್ತಾರೆ. ಕೇರಳದಲ್ಲಿ ಇನ್ನೂ ಜಾಸ್ತಿ.

ಬಾಗೇಪಲ್ಲಿ ಬುಲೆಟ್
ಆಂಧ್ರದವರೂ ಅಷ್ಟೇ. ನಮ್ಮ ಗಡಿಯ ಬಂಕುಗಳಲ್ಲಿ ಎಪಿ ನಂಬರಿನ ಗಾಡಿಗಳೇ ಜಾಸ್ತಿ.

ಸಿಟಿಜನ್ ಕೋರಮಂಗಲ
ಮೂಲ ಪ್ರಶ್ನೆ ತೆರಿಗೆಯದು. 2024ರ ಮಾರ್ಚ್‌ನಲ್ಲಿ ಎರಡು ರೂಪಾಯಿ ಇಳಿದು ಬೆಂಗಳೂರಿನಲ್ಲಿ ನೂರರ ಒಳಗೆ ಬಂದಿತ್ತು. ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು. ಒಂದೇ ಸಲ ಮೂರು ರೂಪಾಯಿ ಏರಿತು. ಅದನ್ನು ಕೇಳುವವರಿಲ್ಲ.

ದಾವಣಗೆರೆ ಬೆಣ್ಣೆ
ಕೇಂದ್ರದ ಎಕ್ಸೈಸ್ ಯಾಕೆ ಬಿಟ್ಟಿರಿ? 2025ರ ಏಪ್ರಿಲ್‌ನಲ್ಲಿ ಅದಕ್ಕೂ ಎರಡು ರೂಪಾಯಿ ಸೇರಿಸಿದರು. ಬಂಕಿನಲ್ಲಿ ದರ ಏರಲಿಲ್ಲ ನಿಜ. ಆದರೆ ಆಗ ಕಚ್ಚಾ ತೈಲ ಇಳಿದಿತ್ತು. ನಮಗೆ ಸಿಗಬೇಕಾದ ಇಳಿಕೆ ಸಿಗಲಿಲ್ಲ.

ಸಿಟಿಜನ್ ಕೋರಮಂಗಲ
ಸರಿ, ಇಬ್ಬರದೂ ಇದೆ. 2021ರ ನವೆಂಬರ್‌ನಲ್ಲಿ ಕೇಂದ್ರ 5 ರೂಪಾಯಿ, ರಾಜ್ಯ 7 ರೂಪಾಯಿ ಒಟ್ಟಿಗೆ ಇಳಿಸಿದ್ದರು. ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಷ್ಟೇ ನನ್ನ ಮಾತು.

ಕೆಂಪು ಮೊನಾರ್ಕ್
ರಾಜಕೀಯ ಬೇರೆ ಕಡೆ ಮಾಡೋಣ. ಮೈಸೂರಿನವರ ಗಾಡಿ ವಿಷಯಕ್ಕೆ ಬನ್ನಿ.

ವೋಲ್ಟ್ ವಿಜಯನಗರ
ನನ್ನ ಸಲಹೆ ಬೇರೆ ಥರ ಇದೆ. ಹವ್ಯಾಸದ ಗಾಡಿಯಲ್ಲಿ ಪೆಟ್ರೋಲ್ ಉಳಿಸಲು ಹೋಗಬೇಡಿ, ದಿನದ ಓಡಾಟದಲ್ಲಿ ಉಳಿಸಿ. ನಾನು ಆಫೀಸಿಗೆ ಎಲೆಕ್ಟ್ರಿಕ್ ಸ್ಕೂಟರ್ ತೆಗೆದುಕೊಂಡೆ. ಪೂರ್ತಿ ಚಾರ್ಜ್‌ಗೆ ಮೂರು ಯೂನಿಟ್ ಚಿಲ್ಲರೆ. ಯೂನಿಟ್‌ಗೆ ಆರು ರೂಪಾಯಿ ಹತ್ತಿರ ಅಂದರೂ ಇಪ್ಪತ್ತು ರೂಪಾಯಿ ಆಸುಪಾಸಿನಲ್ಲಿ ನೂರು ಕಿ.ಮೀ. ಬರುತ್ತದೆ. 45 ಮೈಲೇಜಿನ ಪೆಟ್ರೋಲ್ ಸ್ಕೂಟರ್‌ನಲ್ಲಿ ಅದೇ ದೂರಕ್ಕೆ 230 ರೂಪಾಯಿ. ವಾರವಿಡೀ ಹೀಗೆ ಉಳಿದ ದುಡ್ಡಿನಲ್ಲಿ ಭಾನುವಾರ ನನ್ನ ಜಾವಾ ಆರಾಮಾಗಿ ಓಡುತ್ತದೆ. ಮನೆಯಲ್ಲೂ ತಕರಾರಿಲ್ಲ.

ಮಂಡ್ಯದ ಬೆಲ್ಲ
ಗೃಹಜ್ಯೋತಿ ಇದ್ದರೆ ಆ ಇಪ್ಪತ್ತು ರೂಪಾಯಿಯೂ ಇಲ್ಲ. 200 ಯೂನಿಟ್ ಫ್ರೀ.

ಬಿಲ್ ನೋಡುವವಳು
@ಮಂಡ್ಯದ ಬೆಲ್ಲ, ಎಲ್ಲರಿಗೂ 200 ಫ್ರೀ ಅಲ್ಲ ಅಣ್ಣ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಸ್ವಲ್ಪ ಯೂನಿಟ್, ಅಷ್ಟು ಮಾತ್ರ ಉಚಿತ. ಅದಕ್ಕಿಂತ ಜಾಸ್ತಿ ಆದಷ್ಟಕ್ಕೆ ದುಡ್ಡು ಕಟ್ಟಬೇಕು. ಒಟ್ಟು ಬಳಕೆ 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ಲು ನಿಮ್ಮದೇ. ಸ್ಕೂಟರ್ ಚಾರ್ಜ್ ಮಾಡಿದರೆ ತಿಂಗಳಿಗೆ 30-40 ಯೂನಿಟ್ ಸೇರಿಕೊಳ್ಳುತ್ತದೆ. 170-180 ಬಳಸುವ ಮನೆಯವರು ಮೊದಲು ಮೀಟರ್ ನೋಡಿಕೊಳ್ಳಿ.

ವೋಲ್ಟ್ ವಿಜಯನಗರ
@ಬಿಲ್ ನೋಡುವವಳು, ಒಳ್ಳೆಯ ಮಾಹಿತಿ ಮೇಡಂ. ಸ್ವಂತ ಮನೆ ಇದ್ದವರು ಛಾವಣಿಗೆ ಸೋಲಾರ್ ಹಾಕಿಸಬಹುದು. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ.

ಹೊಸಬ 2025
ಯೆಜ್ಡಿಯನ್ನೇ ಎಲೆಕ್ಟ್ರಿಕ್ ಮಾಡಿಸಿದರೆ? ಕಿಟ್ ಸಿಗುತ್ತದಂತಲ್ಲ.

ಕೆಂಪು ಮೊನಾರ್ಕ್
ಬೇಡ.

ಗ್ಯಾರೇಜ್ ರಾಯರು
1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಮುಚ್ಚಿತು. ಆಮೇಲೆ ಹಳೇ ಯೆಜ್ಡಿ ಒಂದೂ ಹುಟ್ಟಿಲ್ಲ. ಉಳಿದಿರುವ ಎಂಜಿನ್ ಕಿತ್ತು ಮೋಟಾರ್ ಕೂರಿಸುವ ಮಾತು ಕೇಳಿದರೆ ಹೊಟ್ಟೆ ಉರಿಯುತ್ತದೆ. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ತಳ್ಳಿ ಗೇರ್ ಹಾಕುವ ಗಾಡಿ ಅದು. ಗೇರ್ ಬದಲಾಯಿಸುವಾಗ ಕ್ಲಚ್ ತಾನೇ ಬಿಡಿಸಿಕೊಳ್ಳುತ್ತದೆ. ಅಷ್ಟು ಬುದ್ಧಿವಂತ ಕೆಲಸ ಆ ಎಂಜಿನಿನೊಳಗೆ ಇದೆ. ಕಾನೂನಿನ ಪ್ರಕಾರವೂ ಸುಲಭ ಅಲ್ಲ. ಅನುಮೋದನೆ ಪಡೆದ ಕಿಟ್ಟೇ ಆಗಬೇಕು, ಆರ್‌ಟಿಒದಲ್ಲಿ ಆರ್‌ಸಿ ಬದಲಾಗಬೇಕು.

ಹೊಸಬ 2025
ಸರಿ ಸರ್, ತಿಳಿದುಕೊಳ್ಳಲು ಕೇಳಿದೆ. ಹಾಗಾದರೆ ಹೆಚ್ಚು ಆಕ್ಟೇನ್ ಪೆಟ್ರೋಲ್ ಹಾಕಿದರೆ ಮೈಲೇಜ್ ಬರುತ್ತಾ?

ಹುಬ್ಬಳ್ಳಿ ಟೂಸ್ಟ್ರೋಕ್
ಬರುವುದಿಲ್ಲ. ಆಕ್ಟೇನ್ ಅಂದರೆ ಶಕ್ತಿ ಅಲ್ಲ. ಹೆಚ್ಚು ಒತ್ತಡದಲ್ಲಿ ಕಿಡಿಗೆ ಮೊದಲೇ ಉರಿದುಬಿಡದಂತೆ ತಡೆಯುವ ಗುಣ. ನಮ್ಮ ಎಂಜಿನ್‌ಗಳ ಕಂಪ್ರೆಶನ್ ಕಮ್ಮಿ, ಅದಕ್ಕೆ ಮಾಮೂಲಿ ಪೆಟ್ರೋಲೇ ಸಾಕು. ಸುಮ್ನೆ ದುಡ್ಡು ದಂಡ.

ಚಾರ್ಮಾಡಿ ತಿರುವು
ನಮ್ಮ ಕಡೆ ಕೆಲವರು ಘಾಟಿ ಇಳಿಯುವಾಗ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುತ್ತಾರೆ, ಪೆಟ್ರೋಲ್ ಉಳಿಯುತ್ತೆ ಅಂತ. ಅದನ್ನೂ ಯಾರಾದರೂ ಇಲ್ಲಿ ಹೇಳುವ ಮೊದಲೇ ಬರೆಯುತ್ತಿದ್ದೇನೆ: ದಯವಿಟ್ಟು ಮಾಡಬೇಡಿ. ಹಳೇ ಡ್ರಮ್ ಬ್ರೇಕ್ ಹತ್ತು ತಿರುವಿನಲ್ಲಿ ಕಾದು ಹಿಡಿತ ಬಿಡುತ್ತದೆ. ಚಾರ್ಮಾಡಿಯಲ್ಲಿ ಎದುರಿಗೆ ಲಾರಿ ಬಂದರೆ ಜಾಗ ಎಲ್ಲಿದೆ?

ಗ್ಯಾರೇಜ್ ರಾಯರು
ಸರಿಯಾಗಿ ಹೇಳಿದಿರಿ. ಆದರೆ ಟೂಸ್ಟ್ರೋಕ್‌ನವರಿಗೆ ಇನ್ನೊಂದು ಮಾತು ಹೇಳಲೇಬೇಕು. ಗೇರಿನಲ್ಲೇ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಬಹಳ ಹೊತ್ತು ಬಿಟ್ಟರೂ ಅಪಾಯ. ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಒಳಗೆ ಬರುತ್ತಿರುವುದಿಲ್ಲ. ಪೆಟ್ರೋಲ್ ಇಲ್ಲ ಅಂದರೆ ಅದರ ಜೊತೆಗಿನ ಆಯಿಲೂ ಇಲ್ಲ. ಇಳಿಜಾರಿನಲ್ಲಿ ಆಗಾಗ ಕ್ಲಚ್ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡಿ. ಆ ಎರಡು ಹನಿ ಪೆಟ್ರೋಲ್ ಪಿಸ್ಟನ್ನಿನ ಊಟ.

ಸಿಟಿಜನ್ ಕೋರಮಂಗಲ
ಸಿಗ್ನಲ್‌ನಲ್ಲಿ ಆಫ್ ಮಾಡುವುದು?

ಗ್ಯಾರೇಜ್ ರಾಯರು
ಅರ್ಧ ನಿಮಿಷಕ್ಕಿಂತ ಜಾಸ್ತಿ ನಿಲ್ಲುವುದಾದರೆ ಆಫ್ ಮಾಡಿ. ಬಿಸಿ ಯೆಜ್ಡಿ ಒಂದೇ ಕಿಕ್ಕಿಗೆ ಬರಬೇಕು. ಬರದಿದ್ದರೆ ಪಾಯಿಂಟ್ ನೋಡಿ.

ಆರ್‌ಎಕ್ಸ್ ಅಕ್ಕ ಶಿವಮೊಗ್ಗ
ಇನ್ನೊಂದು ಉಳಿತಾಯ ಓಡಿಸುವ ರೀತಿಯಲ್ಲಿದೆ. 45ರಿಂದ 55ರ ವೇಗದಲ್ಲಿ ಒಂದೇ ಸಮ ಹೋದರೆ ಪೆಟ್ರೋಲ್ ಕಮ್ಮಿ ಸುಡುತ್ತದೆ. 80ಕ್ಕೆ ಹೋದರೆ ಗಾಳಿ ತಳ್ಳಲಿಕ್ಕೇ ಅರ್ಧಕ್ಕಿಂತ ಜಾಸ್ತಿ ಶಕ್ತಿ ಬೇಕು. ನಾನು ಈಗ ಹೆದ್ದಾರಿ ಬಿಟ್ಟು ಊರೊಳಗಿನ ರಸ್ತೆಗಳಲ್ಲೇ ಹೋಗುತ್ತೇನೆ. ತೀರ್ಥಹಳ್ಳಿಯಿಂದ ಕವಿಶೈಲಕ್ಕೆ ಹೋಗುವ ದಾರಿಯಲ್ಲಿ ಐವತ್ತರ ಮೇಲೆ ಹೋಗುವ ಮನಸ್ಸೇ ಬರುವುದಿಲ್ಲ. ಗಾಡಿಗೂ ಸುಖ, ನಮಗೂ ಸುಖ.

ದೂರದ ಸವಾರಿ ಕಮ್ಮಿ ಮಾಡಿದ್ದೇನೆ ನಿಜ. ಆದರೆ ಹೋದ ಜಾಗದಲ್ಲಿ ಜಾಸ್ತಿ ಹೊತ್ತು ಇರುತ್ತೇನೆ. ಮೊದಲು ಒಂದೇ ದಿನದಲ್ಲಿ ನಾಲ್ಕು ಊರು ಮುಟ್ಟಿ ಬರುವ ಆತುರ ಇತ್ತು.

ದಾವಣಗೆರೆ ಬೆಣ್ಣೆ
ಮೈಲೇಜ್ 22 ಅಂತ ಹೇಗೆ ಅಳೆದಿರಿ ಸರ್? ಹಳೇ ಯೆಜ್ಡಿ ಮೀಟರ್ ನಂಬಬೇಡಿ. ಟ್ಯಾಂಕ್ ಫುಲ್ ಮಾಡಿಸಿ, ಮೊಬೈಲ್ ಜಿಪಿಎಸ್‌ನಲ್ಲಿ ದೂರ ನೋಡಿ, ಮತ್ತೆ ಅದೇ ಬಂಕಿನಲ್ಲಿ ಫುಲ್ ಮಾಡಿಸಿ. ಹಾಕಿದ ಲೀಟರ್‌ನಿಂದ ಭಾಗಿಸಿ. ರಿಸರ್ವ್‌ಗೆ ಬಂದಾಗ ಅಳೆಯುವುದು ಅಂದಾಜು ಲೆಕ್ಕ.

ಕೆಮಿಸ್ಟ್ರಿ ಮೇಷ್ಟ್ರು
ಕಮ್ಮಿ ಓಡಿಸುವವರಿಗೆ ಒಂದು ಎಚ್ಚರಿಕೆ. ಖರ್ಚು ಉಳಿಸಲು ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ಇ20 ಬೇರೆ ತೊಂದರೆ ತರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನೊಳಗೆ ತೇವ ಸೇರುತ್ತದೆ. ನೀರು ಒಂದು ಮಟ್ಟ ದಾಟಿದರೆ ಎಥನಾಲೂ ನೀರೂ ಒಟ್ಟಾಗಿ ತಳಕ್ಕೆ ಇಳಿಯುತ್ತವೆ, ಪೆಟ್ರೋಲ್ ಮೇಲೆ ನಿಲ್ಲುತ್ತದೆ. ನೀವು ಕಲಸಿದ ಆಯಿಲ್ ಮೇಲಿನ ಪದರದಲ್ಲಿ ಉಳಿಯುತ್ತದೆ. ಎಂಜಿನ್ನಿಗೆ ಹೋಗುವುದು ತಳದ್ದು. ಅದರಲ್ಲಿ ಆಯಿಲ್ ಇರುವುದಿಲ್ಲ. ತಗಡಿನ ಟ್ಯಾಂಕ್ ತುಕ್ಕು ಹಿಡಿಯುವುದು ಬೇರೆ.

ನಿಲ್ಲಿಸುವುದಾದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕಾರ್ಬ್ಯುರೇಟರ್ ಬೌಲ್ ಕೂಡ ಒಣಗಿಸಿ. ಇಲ್ಲವಾದರೆ ಗಂಟಲಿನ ತನಕ ತುಂಬಿಸಿ, ಎರಡು ವಾರಕ್ಕೊಮ್ಮೆಯಾದರೂ ಓಡಿಸಿ.

ಬಾಗೇಪಲ್ಲಿ ಬುಲೆಟ್
ಇ20 ಬಂದ ಮೇಲೆ ನನ್ನ ಹಳೇ ಬುಲೆಟ್‌ನಲ್ಲೂ ಮೈಲೇಜ್ ಬಿದ್ದಿದೆ. ಎಲ್ಲರೂ ನನ್ನ ಭ್ರಮೆ ಅಂತಾರೆ.

ಹುಬ್ಬಳ್ಳಿ ಟೂಸ್ಟ್ರೋಕ್
ಭ್ರಮೆ ಅಲ್ಲ. ಅಷ್ಟೇ ಅಳತೆಯ ಪೆಟ್ರೋಲಿಗೆ ಹೋಲಿಸಿದರೆ ಎಥನಾಲ್‌ನಲ್ಲಿ ಶಕ್ತಿ ಮೂರನೇ ಒಂದು ಪಾಲು ಕಮ್ಮಿ. 2021ರ ನೀತಿ ಆಯೋಗದ ವರದಿಯೇ ಹಳೇ ವಿನ್ಯಾಸದ ದ್ವಿಚಕ್ರ ವಾಹನಗಳಲ್ಲಿ ಶೇ. 3-4 ಇಳಿಕೆ ಆಗುತ್ತದೆ ಅಂದಿದೆ. ಅಂದರೆ 25 ಕೊಡುತ್ತಿದ್ದ ಗಾಡಿ 24 ಕೊಡಬಹುದು. 22ಕ್ಕೆ ಬಂದಿದೆ ಅಂದರೆ ಉಳಿದದ್ದು ನಮ್ಮ ಗಾಡಿಯ ನಿರ್ವಹಣೆಯದು.

ರೋಡ್‌ಕಿಂಗ್ ಮೈಸೂರು
ಎಲ್ಲರಿಗೂ ತುಂಬಾ ಧನ್ಯವಾದ. ರಾಯರು ಹೇಳಿದಂತೆ ಬ್ಯಾಫಲ್ ಬಿಚ್ಚಿಸಿದೆ. ಎಡಗಡೆಯದು ಹೆಚ್ಚು ಕಮ್ಮಿ ಮುಚ್ಚಿಹೋಗಿತ್ತು. ಪಾಯಿಂಟ್ ಹೊಸದು ಹಾಕಿಸಿ ಗೇಜ್‌ನಲ್ಲೇ ಸೆಟ್ ಮಾಡಿಸಿದೆ. ಹಿಂದಿನ ಬ್ರೇಕ್ ನಿಜಕ್ಕೂ ಉಜ್ಜುತ್ತಿತ್ತು. ನೀಡಲ್ ಮುಟ್ಟಿಸಿಲ್ಲ, ಆಯಿಲ್ 30 ಮಿ.ಲೀ. ಹಾಗೇ ಇದೆ. ಫುಲ್ ಟ್ಯಾಂಕ್ ಲೆಕ್ಕದಲ್ಲಿ ಈಗ 27 ಬಂತು. ನೂರು ಕಿ.ಮೀ.ಗೆ 85 ರೂಪಾಯಿ ಉಳಿಯುತ್ತಿದೆ. ಎಲ್ಲಕ್ಕಿಂತ ಖುಷಿ, ಚಾಮುಂಡಿ ಬೆಟ್ಟ ಹತ್ತುವಾಗ ಮೊದಲಿನಂತೆ ಎಳೆಯುತ್ತಿದೆ.

ಒಂದೇ ತೊಂದರೆ ಉಳಿದಿದೆ. ನಿಲ್ಲಿಸಿದಾಗ ಪೆಟ್ರೋಲ್ ಕಾಕ್ (ಟ್ಯಾಂಕಿನ ಕೆಳಗಿನ ನಲ್ಲಿ) ಹತ್ತಿರ ತೇವ ಕಾಣುತ್ತದೆ. ಮುಚ್ಚಿದರೂ ಜಿನುಗುತ್ತದೆ.

ಕೆಂಪು ಮೊನಾರ್ಕ್
27! ಬಹಳ ಸಂತೋಷ ಸರ್. ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನಕ್ಕೆ ತಪ್ಪದೇ ತನ್ನಿ.

ಗ್ಯಾರೇಜ್ ರಾಯರು
ಕಾಕ್ ಒಳಗಿನ ಕಾರ್ಕ್ ವಾಷರ್ ಹೋಗಿದೆ. ಎಥನಾಲ್‌ಗೆ ಹಳೇ ಕಾರ್ಕೂ ರಬ್ಬರೂ ಬೇಗ ಹಾಳಾಗುತ್ತವೆ. ಹೊಸ ಕಾಕ್ ಸೆಟ್ಟೇ ಹಾಕಿ, ಪೆಟ್ರೋಲ್ ಪೈಪನ್ನೂ ಎಥನಾಲ್ ತಡೆಯುವಂಥದ್ದು ಕೇಳಿ ತೆಗೆದುಕೊಳ್ಳಿ. ಅಲ್ಲಿಯ ತನಕ ರಾತ್ರಿ ಮನೆಯೊಳಗೆ ನಿಲ್ಲಿಸಬೇಡಿ, ಹತ್ತಿರ ದೀಪ ಹಚ್ಚಬೇಡಿ.

ರೋಡ್‌ಕಿಂಗ್ ಮೈಸೂರು
ಸರಿ ರಾಯರೇ, ನಾಳೆಯೇ ಹೋಗಿ ತರುತ್ತೇನೆ. ಪೈಪ್ ಎಷ್ಟು ಎಂ.ಎಂ.ದು ಕೇಳಬೇಕು?

ಗ್ಯಾರೇಜ್ ರಾಯರು
ಹಳೇ ಪೈಪ್ ತುಂಡು ಕತ್ತರಿಸಿ ಅಂಗಡಿಗೆ ತೆಗೆದುಕೊಂಡು ಹೋಗಿ. ಕಾಕ್ ಬದಲಾಯಿಸಿರುವ ಗಾಡಿಗಳಲ್ಲಿ ಅಳತೆ ಬೇರೆ ಇರುತ್ತದೆ. ಎರಡು ಕ್ಲಿಪ್ಪೂ ಜೊತೆಗೆ ತನ್ನಿ.